ಉಳಿದ ವಿಷಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ ನಮ್ಮ ಕಡೆಯ ಸರಕಾರಿ ಕಾಲೇಜಿನ ವರಾಂಡದಲ್ಲಿ ಒಂದು ಸಾಲು ನಿಲ್ಲುತ್ತದೆ. ಅರ್ಜಿ ತುಂಬಿಕೊಡಲು ನನ್ನಂಥ ಸಾಲಿ ಮಾಸ್ತರರು ಹೋಗಿ ಕೂಡುವುದುಂಟು. ಅಂಥ ಒಂದು ಸಾಲಿನಲ್ಲಿ, ಶಹಾಬಾದ್ ಕಡೆಯ ಪರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಒಬ್ಬ ತಾಯಿ ಮಗಳನ್ನು ಮುಂದೆ ದೂಡಿ ಹೇಳಿದ ಮಾತು ಇದು: "ಮಾಸ್ತರ್ರೇ, ಏನ್ ಉಳದದ ಅದ್ರಾಗ ಹಾಕ್ರಿ."

ಅರ್ಜಿಯಲ್ಲಿ ಅಚ್ಚಾಗಿದ್ದ ಮಾತು 'ಆಯ್ಕೆ ಮಾಡಿಕೊಂಡ ವಿಷಯಗಳು'. ಆ ತಾಯಿಯ ಬಾಯಲ್ಲಿ ಬಂದದ್ದು 'ಉಳದದ್ದು'. ಈ ಎರಡು ಮಾತುಗಳ ನಡುವೆ ಸಾವಿರ ವರ್ಷದ ಚರಿತ್ರೆ ಬಿದ್ದಿದೆ. ಉಳಿದ ರೊಟ್ಟಿ, ಉಳಿದ ಸಾರು, ಊರ ಹೊರಗೆ ಉಳಿದ ಜಾಗ ತಲೆಮಾರುಗಟ್ಟಲೆ ನಮ್ಮ ಪಾಲಿಗೆ ಬಂದಂತೆ ಉಳಿದ ವಿಷಯವೂ ಬಂತು. ಇದು ಯಾರು ಉಂಡು ಬಿಟ್ಟದ್ದು, ಯಾವಾಗ ಬಿಟ್ಟದ್ದು ಎಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನೆಲದಲ್ಲೇ ಕೆದಕಿ ನೋಡಬೇಕಾಗಿದೆ.

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಅಲ್ಲಿ 1058ರ ಒಂದು ಶಾಸನ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಅವನ ದಂಡನಾಯಕ ಮಧುವರಸ ಕಟ್ಟಿಸಿದ ಘಟಿಕಾಸ್ಥಾನದ, ಅಂದರೆ ಇಂದಿನ ಮಾತಿನಲ್ಲಿ ವಸತಿ ಕಾಲೇಜಿನ, ಲೆಕ್ಕ ಅದರಲ್ಲಿದೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು 50 ಜನ. ವೇದಕ್ಕೆ ಮೂವರು ಅಧ್ಯಾಪಕರು, ಶಾಸ್ತ್ರಕ್ಕೆ ಮೂವರು. ಶಾಸ್ತ್ರದಲ್ಲಿ ಮತ್ತೆ ಭಟ್ಟದರ್ಶನ, ನ್ಯಾಸ, ಪ್ರಾಭಾಕರ ಎಂಬ ವಿಭಾಗಗಳು. ಪುಸ್ತಕ ಕಾಯಲು ಆರು ಜನ ಸರಸ್ವತೀ ಭಂಡಾರಿಗರು. ವಿಷಯ ಆಯ್ಕೆ ಅಂತ ನಾವು ಇವತ್ತು ಕರೆಯುವುದು ನಮ್ಮ ತಾಲೂಕಿನಲ್ಲಿ ಸುಮಾರು 970 ವರ್ಷದ ಹಿಂದೆಯೇ ಇತ್ತು. ಭಾಷಣಕಾರರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ. ಆರು ಜನ ಗ್ರಂಥಪಾಲಕರಿರುವ ಕಾಲೇಜನ್ನು ಈಗ ಇದೇ ತಾಲೂಕಿನಲ್ಲಿ ತೋರಿಸಿಕೊಡಿ ಅಂತ ಕೇಳಿದರೆ ಮಾತ್ರ ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ.

ಆದರೆ ಕಲ್ಲನ್ನು ಓದುವಾಗ ಕಲ್ಲಿನಲ್ಲಿ ಇಲ್ಲದವರನ್ನೂ ಓದಬೇಕಲ್ಲ. ಆ ಕಂಬಗಳಿಗೆ ಕಲ್ಲು ಒಡೆದವರು, ದತ್ತಿ ಭೂಮಿ ಉತ್ತವರು, ಸತ್ತ ದನ ಎಳೆದವರು, ಅವರ ಮಕ್ಕಳು 250ರ ಆ ಲೆಕ್ಕದಲ್ಲಿಲ್ಲ. ವೇದವೋ ಶಾಸ್ತ್ರವೋ ಎಂಬ ಪ್ರಶ್ನೆ ಅವರ ಮುಂದೆ ಬರಲೇ ಇಲ್ಲ. ಇದೇ ಸೀಮೆಯ ಮರತೂರಿನ ವಿಜ್ಞಾನೇಶ್ವರ ಮುಂದಿನ ತಲೆಮಾರಿನಲ್ಲಿ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ, 'ಮಿತಾಕ್ಷರ' ಬರೆದ. ಬ್ರಿಟಿಷರ ಕೋರ್ಟುಗಳು ಬಂಗಾಳ ಬಿಟ್ಟು ಉಳಿದ ಹೆಚ್ಚಿನ ಭಾಗಕ್ಕೆ ಅದನ್ನೇ ಹಿಂದೂ ಕಾನೂನಿನ ಆಧಾರವಾಗಿ ಇಟ್ಟುಕೊಂಡವು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಬರುತ್ತದೆ ಎಂಬುದು ಅದರ ತಿರುಳು. ಹುಟ್ಟಿನಿಂದಲೇ ಪಾಲು! ನಮ್ಮವರಿಗೂ ಹುಟ್ಟಿನಿಂದಲೇ ಒಂದು ಪಾಲು ಬಂತು. ಅದು ಯಾವುದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ಶತಮಾನ ದಾಟಿ ನಿಜಾಮನ ಕಾಲಕ್ಕೆ ಬರೋಣ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಹತ್ತು ವರ್ಷದ ನಂತರ, 1884ರ ಸುಮಾರಿಗೆ, ಪಾರ್ಸಿಯ ಜಾಗದಲ್ಲಿ ಉರ್ದು ರಾಜ್ಯದ ಆಡಳಿತ ಭಾಷೆಯಾಯಿತು. ತಹಸೀಲು, ದಫ್ತರು, ಅದಾಲತ್ತು, ಸಾಲಿಯ ಮೇಲಿನ ತರಗತಿಗಳು ಎಲ್ಲ ಉರ್ದು. ಕೆಳಗಿನ ಇಯತ್ತೆಗಳಲ್ಲಿ ಒಂದಿಷ್ಟು ಕನ್ನಡ ಓದಿ, ಮೇಲೆ ಹೋಗಬೇಕಾದರೆ ಉರ್ದುವಿಗೆ ದಾಟಬೇಕು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಚರಿತ್ರೆ, ವಿಜ್ಞಾನ, ಕಾನೂನು ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿದರು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಎಂಬ ದೊಡ್ಡ ಪ್ರಯೋಗ ಅದು, ಸುಳ್ಳಲ್ಲ. ಆದರೆ ಆ ದೇಶಭಾಷೆ ಕನ್ನಡ, ತೆಲುಗು, ಮರಾಠಿ ಮಂದಿಯ ಮನೆ ಭಾಷೆಯಾಗಿರಲಿಲ್ಲ.

ಇದರ ವಿರುದ್ಧ ಕನ್ನಡಿಗರು ಎದ್ದದ್ದು ನ್ಯಾಯವೇ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. 1928ರಲ್ಲಿ ಅದೇ ಊರಿನಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಉಸ್ಮಾನಿಯಾದಲ್ಲೇ ಕುಳಿತು ಡಿ.ಕೆ. ಭೀಮಸೇನರಾಯರಂಥವರು ಕನ್ನಡ ಕಲಿಸಿದರು. ಇವರಿಗೆಲ್ಲ ಕೈ ಮುಗಿಯೋಣ. ಮುಗಿದ ಮೇಲೆ ಒಂದು ಮಾತು ಕೇಳೋಣ. ಈ ಹೋರಾಟ ನಡೆಸಿದವರು ಬಹುಮಟ್ಟಿಗೆ ವಕೀಲರು, ಮಾಸ್ತರರು, ವತನದಾರ ಮನೆತನದವರು, ವ್ಯಾಪಾರಿಗಳು. ಅವರಿಗೆ ಕನ್ನಡವನ್ನು ಕಸಿದುಕೊಂಡ ನೋವಿತ್ತು. ಕೇರಿಯವನಿಂದ ಕಸಿಯಲು ಅಕ್ಷರವೇ ಇರಲಿಲ್ಲ. ಉರ್ದು ಬರಲಿ, ಕನ್ನಡ ಬರಲಿ, ಅವನು ಪಡಸಾಲೆಯ ಕೆಳಗೇ ನಿಂತಿದ್ದ. ಒಂದು ವ್ಯತ್ಯಾಸ ಉಂಟು: ಕಿವಿಗೆ ಬಿದ್ದರೆ ಕಾದ ಸೀಸ ಹೊಯ್ಯಬೇಕೆಂದು ಉರ್ದುವಿನ ಬಗ್ಗೆ ಯಾವ ಶಾಸ್ತ್ರವೂ ಹೇಳಿರಲಿಲ್ಲ. ಅದಕ್ಕೇ ಔರಂಗಾಬಾದಿನಲ್ಲಿ ಹುಟ್ಟಿದ ಬಿ. ಶ್ಯಾಮಸುಂದರ್ ಉಸ್ಮಾನಿಯಾದಲ್ಲಿ ಓದಿ ಹೈದರಾಬಾದ್ ಸಂಸ್ಥಾನದ ದಲಿತರ ನಾಯಕರಾಗಲು ಸಾಧ್ಯವಾಯಿತು. ಅವರೇ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದವರು. ಅಂಥವರು ಬೆರಳೆಣಿಕೆಯಷ್ಟು, ಅದೂ ಪಟ್ಟಣದವರು. ಚಿಂಚೋಳಿಯ ಜೀತದ ಆಳಿಗೆ ಉಸ್ಮಾನಿಯಾ ಎಷ್ಟು ದೂರ, ಕಾಶಿಯೂ ಅಷ್ಟೇ ದೂರ.

ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಏನಾಗುತ್ತಿತ್ತು ನೋಡಿ. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ಹುಡುಗ ಎರಡನೇ ಭಾಷೆಯಾಗಿ ಸಂಸ್ಕೃತ ಓದಬೇಕೆಂದುಕೊಂಡ. ಅವನಿಗಿಂತ ಮುಂಚೆ ಅವನ ಅಣ್ಣನೂ ಕೇಳಿದ್ದ. ಅಸ್ಪೃಶ್ಯರಿಗೆ ಕಲಿಸುವುದಿಲ್ಲ ಎಂದರು ಸಂಸ್ಕೃತದ ಮಾಸ್ತರರು. ಅಣ್ಣ ತಮ್ಮ ಇಬ್ಬರೂ ಉಳಿದದ್ದನ್ನು ತೆಗೆದುಕೊಂಡರು. ಉಳಿದದ್ದು ಪಾರ್ಸಿ. 1907ರಲ್ಲಿ, ನಮ್ಮಲ್ಲಿ ನೂತನ ವಿದ್ಯಾಲಯ ಹುಟ್ಟಿದ ವರ್ಷದಲ್ಲೇ, ಆ ಹುಡುಗ ಪಾರ್ಸಿ ಓದಿ ಮೆಟ್ರಿಕ್ ಪಾಸಾದ. ಮುಂದೆ ಸಂಸ್ಕೃತವನ್ನು ತಾನೇ ಕಷ್ಟಪಟ್ಟು ಕಲಿತ. 1946ರಲ್ಲಿ 'ಶೂದ್ರರು ಯಾರು' ಎಂಬ ಪುಸ್ತಕ ತಂದಾಗ, ಸಂಸ್ಕೃತ ಪಂಡಿತನಲ್ಲದವನಿಗೆ ಈ ವಿಷಯ ಬರೆಯಲು ಏನು ಅಧಿಕಾರ ಎಂದು ಕೇಳುವವರಿಗೆ ಮುನ್ನುಡಿಯಲ್ಲೇ ಉತ್ತರ ಕೊಡಬೇಕಾಯಿತು. ಬಾಗಿಲು ಹಾಕಿದವರೇ, ಒಳಗೆ ಬಾರದವನಿಗೆ ಮನೆಯ ವಿಷಯ ಏನು ಗೊತ್ತು ಅನ್ನುವುದು ಇದೇ. ನಮ್ಮ ಹೈಸ್ಕೂಲುಗಳಲ್ಲಿ ಏಪ್ರಿಲ್ 14ಕ್ಕೆ ಹಾರ ಹಾಕುತ್ತಾರೆ, ಪೇಢೆ ಹಂಚುತ್ತಾರೆ. ಆದರೆ ಎಂಟನೇ ಇಯತ್ತೆಯಲ್ಲಿ ಭಾಷೆ ಬರೆಸುವ ದಿನ ಈ ಕತೆ ಹೇಳುವ ಮಾಸ್ತರರನ್ನು ನಾನು ಕಂಡದ್ದು ಕಡಿಮೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಬಿತ್ತು. 1956ರ ನವೆಂಬರ್ 1ಕ್ಕೆ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೇಡಂ, ಚಿಂಚೋಳಿಯ ಅಂಚಿನ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ನಾವು ಸಣ್ಣವರಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬ ಮುದುಕರಿದ್ದರು. ವಾಡಿಯ ರೈಲು ಕೆಲಸದಲ್ಲಿದ್ದಾಗ ಯಾರನ್ನೋ ಕಾಡಿ ಬೇಡಿ ಉರ್ದು ಕಲಿತಿದ್ದರು. ಅರ್ಜಿ ಬರೆಸಲು ಕೇರಿಯೆಲ್ಲ ಅವರ ಬಳಿಗೇ ಹೋಗುತ್ತಿತ್ತಂತೆ. "ತಮ್ಮಾ, ಸರ್ಕಾರ ಬದಲಾತು, ನಾ ಮತ್ತ ಹೆಬ್ಬಟ್ಟಿನವ ಆದೆ" ಅಂತ ನಗುತ್ತಿದ್ದರು. ರಾಜ್ಯೋತ್ಸವದ ದಿನ ಕನ್ನಡ ಧ್ವಜ ಏರುವಾಗ ನನಗೆ ಆ ನಗು ನೆನಪಾಗುತ್ತದೆ. ಏಕೀಕರಣ ಬೇಕಿತ್ತು. ಅದರ ಬೆಲೆಯನ್ನು ಯಾರ ಅಕ್ಷರ ತೆತ್ತಿತು ಎಂಬುದನ್ನೂ ಬರೆದಿಡಬೇಕಿತ್ತು.

ಇನ್ನು ಬಂದದ್ದು ಯಾವ ಕನ್ನಡ? ಪಠ್ಯದಲ್ಲಿ 'ಹೋಗುತ್ತಿದ್ದೇನೆ' ಎಂದಿದೆ. ನಮ್ಮ ಹುಡುಗ 'ಹೋಗ್ಲತ್ತೀನಿ' ಎಂದು ಬರೆಯುತ್ತಾನೆ. ಕೆಂಪು ಶಾಯಿ ಬೀಳುತ್ತದೆ. ಮಾತೃಭಾಷೆಯಲ್ಲೇ ನಪಾಸಾಗುವ ಮಗು! ತಮಾಷೆಯೆಂದರೆ ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಒಂಬತ್ತನೇ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವೂ ತಿರುಳ್ಗನ್ನಡದ ನಾಡನ್ನು ಮಳಖೇಡದಲ್ಲಿ ಕಾಣಲಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಕಂಡಿತು. ಕಾಗಿಣಾ ದಂಡೆಯ ಅರಮನೆಯಲ್ಲಿ ಕೂತು ಬರೆದ ಪುಸ್ತಕಕ್ಕೇ ಕಾಗಿಣಾ ದಂಡೆಯ ಮಾತು ಸಾಲದಾಯಿತು. ಕನ್ನಡಗಳು ಎಣಿಸಲಾರದಷ್ಟು ಬಗೆಯವೆಂದು ಒಪ್ಪಿಕೊಂಡ ದೊಡ್ಡ ಮನಸ್ಸೂ ಅದೇ ಪುಸ್ತಕಕ್ಕಿತ್ತು, ಅದನ್ನು ಮುಚ್ಚಿಡಬಾರದು. ಪರೀಕ್ಷಾ ಮಂಡಳಿಯವರು ಮೊದಲನೆಯದನ್ನು ನೆನಪಿಟ್ಟುಕೊಂಡರು, ಎರಡನೆಯದನ್ನು ಮರೆತರು.

ಚಿಂಚೋಳಿಯ ತಾಂಡಾಗಳ ಮಕ್ಕಳ ಪಾಡು ಇನ್ನೂ ಬೇರೆ. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು ಬೆರೆತ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ದಖನಿ, ಸಾಲಿಯಲ್ಲಿ ಬೆಂಗಳೂರು ಕನ್ನಡ. ಹತ್ತು ವರ್ಷದ ಹುಡುಗಿ ನಾಲ್ಕು ಭಾಷೆ ಆಡುತ್ತಾಳೆ. ಅಮೆರಿಕದಲ್ಲಿದ್ದರೆ ಪಂಡಿತೆ ಎನ್ನುತ್ತಿದ್ದರು. ಇಲ್ಲಿ 'ಭಾಷೆಯಲ್ಲಿ ಹಿಂದುಳಿದವಳು'. ಆಕೆಯ ಮೊದಲನೇ ಭಾಷೆ ಪ್ರಥಮ ಭಾಷೆಯ ಪಟ್ಟಿಯಲ್ಲೇ ಇಲ್ಲ.

ಈ ಪಟ್ಟಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಪ್ರಥಮ ಭಾಷೆಯ ಪಟ್ಟಿಯಲ್ಲಿ ಕನ್ನಡದ ಜೊತೆಗೆ ಸಂಸ್ಕೃತವೂ ಇದೆ. ಏಳನೇ ಇಯತ್ತೆಯವರೆಗೆ ಕನ್ನಡ ಓದಿದ ಹುಡುಗ ಎಂಟಕ್ಕೆ ಬಂದು ಕನ್ನಡ ಬಿಟ್ಟು ಸಂಸ್ಕೃತ ಹಿಡಿಯಬಹುದು. ಅದರಲ್ಲಿ ಅಂಕ ಸಲೀಸು. ಒಂದು ಕಾಲಕ್ಕೆ ನಮ್ಮ ಕಿವಿಗೆ ಬೀಳಬಾರದೆಂದು ಕಾದ ಭಾಷೆ, ಎಲ್ಲರಿಗೂ ಪರೀಕ್ಷೆ ಬಂದ ಕಾಲಕ್ಕೆ 125ಕ್ಕೆ 125 ಕೊಡುವ ಭಾಷೆಯಾಯಿತು. ಈಗ ಯಾವ ಮಾಸ್ತರರೂ ದಲಿತ ಹುಡುಗನಿಗೆ ಸಂಸ್ಕೃತ ಕಲಿಸಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಗರಜೂ ಇಲ್ಲ. ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರರೇ ಇರುವುದಿಲ್ಲ, ಪಟ್ಟಣದ ಫೀ ಸಾಲಿಯಲ್ಲಿ ಇರುತ್ತಾರೆ. ಇಷ್ಟೇ ವ್ಯತ್ಯಾಸ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು, ಇಂಗ್ಲಿಷ್ ಓದಿರಿ ಎಂದರು. ಊರೂರಿನಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತನ್ನು ಸಾಹಿತ್ಯ ವಿಮರ್ಶೆಯಾಗಿ ನೋಡಿದವರು ಬಹಳ. ನಾನದನ್ನು ಅರ್ಜಿ ತುಂಬುವ ದಿನದ ಮಾತಾಗಿ ನೋಡುತ್ತೇನೆ. ಒಬ್ಬ ದಲಿತ ಹಿರಿಯ ನಮ್ಮ ಮಕ್ಕಳಿಗೆ ಬಹಿರಂಗವಾಗಿ, ಉಳಿದದ್ದನ್ನು ತಗೋಬೇಡಿ, ಬೇಕಾದದ್ದನ್ನು ಕೇಳಿ ಎಂದರು. ಸೋಜಿಗವೆಂದರೆ ಅವರ ಪರ ನಿಂತ ಹುಡುಗರೇ ಕನ್ನಡದಲ್ಲಿ ಬರೆದರು. ಅದೇ 1973ರಲ್ಲಿ ದೇವನೂರರ 'ದ್ಯಾವನೂರು', 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು'. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿಯ ಜಾಗ ಕೊಡಲಿಲ್ಲ, ಬಂಡಾಯ ಹುಟ್ಟಿತು. ನಮ್ಮ ಕಲಬುರಗಿಯ ಗಿರಣಿ ಕಾರ್ಮಿಕರ ಮನೆಯ ಗೀತಾ ನಾಗಭೂಷಣ ಕನ್ನಡ ಓದಿ, ಕನ್ನಡ ಕಲಿಸಿ, ಕೆಂಪು ಶಾಯಿ ಬೀಳುವ ಇದೇ ಮಾತಿನಲ್ಲಿ 'ಬದುಕು' ಬರೆದರು. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಗೋಕಾಕ್ ಸಮಿತಿ ಬಂದದ್ದು ಈ ನಡುವೆ. 1980ರಲ್ಲಿ ನೇಮಕ, 1981ರ ಜನವರಿಯಲ್ಲಿ ವರದಿ: ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, 150 ಅಂಕ. 1982ರಲ್ಲಿ ರಾಜಕುಮಾರ್ ಬೀದಿಗಿಳಿದರು, ಸರಕಾರ ಮಣಿಯಿತು. 1989ರಲ್ಲಿ ಹೈಕೋರ್ಟು ಆ ಆದೇಶವನ್ನು ಎತ್ತಿಹಾಕಿತು. ಸಂಸ್ಕೃತ ಪಟ್ಟಿಯಲ್ಲೇ ಉಳಿಯಿತು. ಆ ಚಳವಳಿಯಲ್ಲಿ ನಮ್ಮ ಗೆಳೆಯರೂ ಇದ್ದರು, ಇರಬೇಕಾದದ್ದೇ. ಆದರೆ ಶಹಾಬಾದಿನ ಉರ್ದು ಸಾಲಿಯ ಬೀಡಿ ಕಾರ್ಮಿಕರ ಮಗುವಿಗೆ, ತಾಂಡಾದ ಮಗುವಿಗೆ ಇದರಲ್ಲಿ ಏನಿದೆ ಎಂದು ನಾವೂ ಗಟ್ಟಿಯಾಗಿ ಕೇಳಲಿಲ್ಲ. ಇದು ನಮ್ಮ ತಪ್ಪು. 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ಭಾಷೆ ಸಾಕೆಂಬ ಶಿಫಾರಸು ಮಾಡಿದಾಗ ಮತ್ತೆ ಅದೇ ಹಳೆಯ ಗದ್ದಲ ಎದ್ದಿತು. ತಾಂಡಾದ ಸುದ್ದಿ ಆಗಲೂ ಯಾರ ಬಾಯಲ್ಲೂ ಹೆಚ್ಚು ಬರಲಿಲ್ಲ.

ಹತ್ತು ದಾಟಿದ ಮೇಲಿನದು ಅರ್ಜಿಯ ಆ ಸಾಲು. ವಿಜ್ಞಾನ, ವಾಣಿಜ್ಯ, ಕಲೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿವೆ. ಚಿಂಚೋಳಿಯಿಂದ ಗೆದ್ದು ಬಂದ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದ ರಾಜ್ಯ ಇದು! 371 (ಜೆ) ಬಂದು ಸೀಟುಗಳ ಮೀಸಲಾತಿ ಬಂತು, ಒಳ್ಳೆಯದೇ. ಆದರೆ ಮೆಡಿಕಲ್, ಇಂಜಿನಿಯರಿಂಗ್ ಸೀಟು ವಿಜ್ಞಾನ ಓದಿದವರಿಗೆ. ಹಳ್ಳಿಗೆ ಹತ್ತಿರದ ಸರಕಾರಿ ಕಾಲೇಜಿನಲ್ಲಿ ಕಲಾ ವಿಭಾಗ ಬಿಟ್ಟರೆ ಬೇರೆ ಇಲ್ಲದಿದ್ದರೆ, ಅಥವಾ ಇದ್ದೂ ಪ್ರಯೋಗಶಾಲೆಗೆ ಬೀಗ ಬಿದ್ದಿದ್ದರೆ, ಆ ಮೀಸಲಾತಿಯ ಬಾಗಿಲ ತನಕ ಹೋಗಲು ದಾರಿ ಎಲ್ಲಿ? ಹಾಗಾಗಿ ನಮ್ಮ ಹುಡುಗಿ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತಗೊಳ್ಳುತ್ತಾಳೆ. ತಗೊಂಡದ್ದಕ್ಕೆ 'ಆರ್ಟ್ಸಾ?' ಅಂತ ಮೂಗು ಮುರಿಯುವವರು ಬೇರೆ. ಚರಿತ್ರೆ ಕೀಳು ವಿಷಯವೇನಲ್ಲ. ಉಳಿಕೆಯಾಗಿ ಕೈಗೆ ಬಂದಾಗ ಎಂಥ ವಿಷಯವೂ ಕೀಳಾಗಿ ಕಾಣುತ್ತದೆ. ಅಂಬೇಡ್ಕರರಿಗೆ ಪಾರ್ಸಿ ಬಂದದ್ದೂ ಹಾಗೆಯೇ, ಪಾರ್ಸಿಯದೇನು ತಪ್ಪು?

ಈ ಉಳಿಕೆಯ ವಿಷಯದಲ್ಲಿ ಏನು ಹುದುಗಿದೆ ಎಂಬುದಕ್ಕೆ ಸನ್ನತಿಗೆ ಹೋಗಬೇಕು. ಚಿತ್ತಾಪುರ ತಾಲೂಕಿನ, ಭೀಮಾ ದಂಡೆಯ ಊರು. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಛಾವಣಿ ಕುಸಿಯಿತು. ವಿಗ್ರಹ ಎತ್ತಿ ನೋಡಿದರೆ ಅದರ ಪೀಠವಾಗಿ ಹಾಕಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ ಶಾಸನ! ವಿಗ್ರಹ ನಿಲ್ಲಿಸಲೆಂದು ಅಕ್ಷರದ ನಡುವೆಯೇ ತೂತು ಕೊರೆದಿದ್ದರು. ಅದರಲ್ಲಿ ಹನ್ನೆರಡನೇ ಶಾಸನವೂ ಇತ್ತು: ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳಬಾರದು, ಒಬ್ಬರ ಮಾತನ್ನು ಒಬ್ಬರು ಕೇಳಬೇಕು ಎಂಬ ಅರ್ಥದ್ದು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಇಲಾಖೆ 1994ರಿಂದ ಅಗೆಯುತ್ತ ಹೋದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿಯ ಒಂದು ಶಿಲ್ಪದ ಮೇಲೆ ರಾಜ ಅಶೋಕ ಎಂದು ಹೆಸರು ಕೊರೆದಿದೆ.

ನಾವು ಸಾಲಿಯಲ್ಲಿ ಅಶೋಕನನ್ನು ಪಾಟ್ನಾದ ರಾಜ ಅಂತ ಬಾಯಿಪಾಠ ಮಾಡಿದೆವು. ಅವನ ಮಾತು ನಮ್ಮದೇ ತಾಲೂಕಿನಲ್ಲಿ ಮೂರ್ತಿಯ ಕಾಲಡಿ ಬಿದ್ದಿತ್ತು. ನಾಗಾವಿಯ ಘಟಿಕಾಸ್ಥಾನಕ್ಕಿಂತ ಸಾವಿರದ ಮುನ್ನೂರು ವರ್ಷ ಹಿಂದೆ, ಊರ ಮಂದಿಗೆ ತಿಳಿಯಲಿ ಅಂತ ಜನ ಆಡುವ ಮಾತಿಗೆ ಹತ್ತಿರವಾದ ಭಾಷೆಯಲ್ಲಿ ಕಲ್ಲಿಗೆ ಬರೆಸಿದ ಮಾತು ಅದು.

ಗಣಿಯ ಆ ತಾಯಿಯ ಮಗಳಿಗೆ ನಾನು ಅರ್ಜಿ ತುಂಬುತ್ತಲೇ ಈ ಸನ್ನತಿಯ ಸುದ್ದಿ ಹೇಳಿದೆ. ಆಕೆ ಹಾಸ್ಟೆಲಿನ ಹುಡುಗಿಯರ ಜೊತೆ ಒಮ್ಮೆ ಅಲ್ಲಿಗೆ ಹೋಗಿಬಂದವಳು. ತಾಯಿಯನ್ನು ಒಂದು ಸಲ ನೋಡಿ ಕೇಳಿದಳು: "ಸರ, ಆ ಕಲ್ಲಿನ ಮ್ಯಾಲಿನ ಭಾಷಾ ನಾ ಕಲೀಬೇಕಂದ್ರ ಯಾವ ಕಾಲಮಿನಾಗ ಬರೀಬೇಕ್ರಿ?"

ಪಟ್ಟಿ ತಿರುವಿ ನೋಡಿದೆ. ಕನ್ನಡ ಇತ್ತು, ಇಂಗ್ಲಿಷ್, ಹಿಂದಿ, ಉರ್ದು, ಸಂಸ್ಕೃತ ಇದ್ದವು. ಪಾಲಿ ಇರಲಿಲ್ಲ, ಪ್ರಾಕೃತ ಇರಲಿಲ್ಲ.

"ಹಂಗಾರ ಹಿಸ್ಟ್ರಿ ಬರೀರಿ ಸರ. ಉಳದದಂತ ಅಲ್ಲ. ನನಗ ಬೇಕಾಗ್ಯದ."

ಹಾಗೇ ಬರೆದೆ. ತಾಯಿ ಹೆಬ್ಬಟ್ಟು ಒತ್ತಿದಳು. ಅರ್ಜಿ ತಗೊಂಡ ಕಾರಕೂನ ತಲೆ ಎತ್ತದೆ ಹೇಳಿದ: "ಹಿಸ್ಟ್ರಿ ಲೆಕ್ಚರರ್ ಪೋಸ್ಟ್ ಖಾಲಿ ಅದರಿ ಸರ, ಎರಡು ವರ್ಷ ಆತು."